ಬಾಣಂತಿಕೆರೆಗೆ ಆ ಹೆಸರು ಬಂದ ಬಗೆ

ಬಾಣಂತಿಕೆರೆಯಲ್ಲಿ ಇಂದು ನೀರಿಲ್ಲ. ನಡುವೆ ಕಡಿದ ಹಳೆಯ ಏರಿ, ಏರಿಯುದ್ದಕ್ಕೂ ಮುದಿ ಹುಣಸೆಮರಗಳು, ಒಂದೊಂದರ ಬುಡಕ್ಕೂ ಸುಣ್ಣದ ಪಟ್ಟೆ. ಬಂದವರೆಲ್ಲ ಮರುಗಿ ಕೇಳುವುದು ಒಂದೇ: ಯಾವ ಬಾಣಂತಿಯನ್ನು ಬಲಿ ಕೊಟ್ಟರು? ಅಯ್ಯೋ, ಕೆರೆ ಎಂದೊಡನೆ ಹೆಣ್ಣಿನ ಬಲಿಯೇ ನೆನಪಾಗಬೇಕೆ! ಇಲ್ಲಿಗೆ ಬಾಣಂತನಕ್ಕೆ ಬರುತ್ತಿದ್ದವು ಹಕ್ಕಿಗಳು.

ಹಿಂದೆ ಒಮ್ಮೆ ಈ ಸೀಮೆಯನ್ನು ಬೊಮ್ಮಲಿಂಗ ನಾಯಕನೆಂಬ ಪಾಳೆಯಗಾರ ಆಳುತ್ತಿದ್ದನಂತೆ. ಪುಷ್ಯ ಮಾಸ ಹುಟ್ಟಿತೆಂದರೆ ಕೊಕ್ಕರೆ, ಹೆಜ್ಜಾರ್ಲೆಗಳು ಹಿಂಡುಹಿಂಡಾಗಿ ಬಂದು ಹುಣಸೆಮರಗಳಲ್ಲಿ ಗೂಡು ಕಟ್ಟುತ್ತಿದ್ದವು. ತವರಿಗೆ ಬಂದ ಹೆಣ್ಣುಮಕ್ಕಳೆಂದೇ ಊರವರು ಅವನ್ನು ಕಾಣುತ್ತಿದ್ದರು. ಮರಿ ಹಾರುವ ತನಕ ಹುಣಸೆ ಬಡಿಯುತ್ತಿರಲಿಲ್ಲ, ಕೆರೆಗೆ ಬಲೆ ಬೀಸುತ್ತಿರಲಿಲ್ಲ. ಹಕ್ಕಿಗಳ ಕಾವಲು ಊರಿನ ದ್ಯಾವಕ್ಕನೆಂಬವಳ ಮನೆತನದ್ದು. ನಾಯಕ ಅವಳಿಗೆ ಹೊರಗಿನವನಲ್ಲ. ಅವಳ ತಾಯಿಯ ಎದೆಹಾಲು ಕುಡಿದು ಬೆಳೆದವನು. ಒಂದು ವರ್ಷ ಅವನೇ ಏರಿಗೆ ಬಂದು, "ಅಕ್ಕಾ, ಕೋಟೆ ಕೆಲಸಕ್ಕೆ ಮರ ಕಡಿಸ್ತಿದ್ದೀನಿ. ಗೂಡಿರೋ ಮರಕ್ಕೆಲ್ಲ ಸುಣ್ಣ ಬಳಿ. ಅದನ್ನ ಮುಟ್ಟಿದವನ ಕೈ ಕಡಿಸ್ತೀನಿ" ಎಂದನಂತೆ. ದ್ಯಾವಕ್ಕ ಹಿಗ್ಗಿಹೋದಳು. ತಮ್ಮನ ಮಾತಿಗಿಂತ ಬೇರೆ ಶಾಸನ ಬೇಕೆ? ಮೂರು ದಿನ ಮರಮರ ಸುತ್ತಿ, ಗೂಡೆಣಿಸಿ, ಸುಣ್ಣ ಕಚ್ಚಿ ಕೈ ಬೊಬ್ಬೆಯೆದ್ದರೂ ಬಿಡದೆ ಬಳಿದಳು. ಕೆರೆಯ ಮಾತನ್ನು ಅವನೂ ಎತ್ತಲಿಲ್ಲ, ಅವಳಿಗೂ ಹೊಳೆಯಲಿಲ್ಲ. ನೀರಿಗೆ ಸುಣ್ಣ ಬಳಿಯುವುದುಂಟೆ!

ಮರಿಗಳು ಬಾಯ್ತೆರೆದು ಚೀರುತ್ತಿದ್ದ ಫಾಲ್ಗುಣದಲ್ಲಿ ನಾಯಕನ ಆಳುಗಳು ಬಂದು ಏರಿ ಕಡಿದರು. ಕೆರೆಯಂಗಳದ ಗೋಡುಮಣ್ಣು ಉತ್ತು ರಾಗಿ ಬೆಳೆಯುವ ಆಸೆ ಅವನಿಗೆ, ಅಷ್ಟೇ. ನೀರು ಹೋಯಿತು, ಮೀನು ಹೋದವು. ತಾಯಿಹಕ್ಕಿಗಳು ದೂರದೂರ ಹಾರಿ ಬರಿಗೊಕ್ಕಿನಲ್ಲಿ ಮರಳಿದವು. ಆಮೇಲೆ ಮರಳಲೇ ಇಲ್ಲ. ಮರಿಗಳು ಒಂದೊಂದಾಗಿ ಸುಣ್ಣ ಬಳಿದ ಬುಡಗಳಿಗೆ ಬಿದ್ದವು. ಸತ್ತ ಮರಿಗಳನ್ನು ಉಡಿಗೆ ತುಂಬಿಕೊಂಡು ದ್ಯಾವಕ್ಕ ಕೋಟೆ ಬಾಗಿಲಿಗೆ ಹೋದಳು. "ನಿನ್ನ ಮರ ಒಂದಾದ್ರೂ ಕಡಿಸಿದ್ನೇನಕ್ಕಾ? ಕೊಟ್ಟ ಮಾತು ಉಳಿಸ್ಕೊಂಡಿದ್ದೀನಿ" ಎಂದ ನಾಯಕ. "ಬಾಣಂತೀಗೆ ಮಂಚ ಬಿಟ್ಟು ಅನ್ನ ಕಿತ್ಕೊಂಡ್ಯಲ್ಲೋ! ನಮ್ಮವ್ವನ ಹಾಲು ಕುಡ್ದ ಬಾಯಾ ಇದು?" ಎಂದವಳೇ ಉಡಿಯನ್ನು ಅವನ ಕಾಲ ಬಳಿ ಸುರಿದು ಬಂದಳು. ಅಂದಿನಿಂದಲೇ ಬಾಣಂತಿಕೆರೆ ಎಂಬ ಹೆಸರು ನಿಂತಿತು ಎನ್ನುತ್ತಾರೆ.

ಆ ನಾಯಕನ ಕೋಟೆ ಎಲ್ಲಿತ್ತೆಂದು ತೋರಿಸುವವರೂ ಈಗಿಲ್ಲ. ದ್ಯಾವಕ್ಕನ ಮನೆತನದವರು ಮಾತ್ರ ಪುಷ್ಯ ಹುಟ್ಟಿದೊಡನೆ ಬಂದು ಮರಗಳಿಗೆ ಸುಣ್ಣ ಬಳಿದು ಹೋಗುತ್ತಾರೆ. ಅವಕ್ಕೆ ಇಂದಿಗೂ ಯಾರೂ ಕೊಡಲಿ ಹಾಕಿಲ್ಲ. ನಾಯಕನ ಮಾತು ಹಾಗೇ ಉಳಿದಿದೆ. ತಲೆಯೆತ್ತಿ ನೋಡಿದರೆ ಒಂದು ಗೂಡೂ ಇಲ್ಲ.