ಕಿವಿಗೆ ಹತ್ತಿ ಇಟ್ಟು ನೀರು ಕುಡಿದವನು

ಶಿಷ್ಯ ಚೆನ್ನವೀರ ಕೇಳಿದ: "ಗುರುಗಳೇ, ಒಬ್ಬರು ಇಂಟರ್‌ನೆಟ್ಟಿನಲ್ಲಿ ದಿನಾ ನಕ್ಷತ್ರಗಳ ಬಗ್ಗೆ ಬರೆಯುತ್ತಾರೆ. ಓದಲು ಹೋದರೆ ಜಾಹೀರಾತು ಅಡ್ಡ ಬಂದು ನಿಲ್ಲುತ್ತದೆ. ಅದನ್ನು ತಡೆಯುವ ಆ್ಯಪ್ ಹಾಕಿಕೊಂಡೆ. ಬರೆದವರ ಅನ್ನವೇ ಆ ಜಾಹೀರಾತು, ನೀನು ಮಾಡುವುದು ಕಳ್ಳತನ ಎಂದು ಗೆಳೆಯ ಹಂಗಿಸುತ್ತಾನೆ. ತಡೆಯುವ ಹಕ್ಕು ನನಗಿಲ್ಲವೇ?"

ಗುರುಗಳು ಹೇಳಿದರು:

ಸಂತೆಗೆ ಹೋಗುವ ದಾರಿಯಲ್ಲಿ, ಬರೀ ಬಂಡೆಗಳ ನಡುವೆ, ಒಂದು ಅರವಟ್ಟಿಗೆ ಇತ್ತು. ಒಬ್ಬ ಮುದುಕಿ ದಾರಿಹೋಕರಿಗೆ ನೀರು ಹೊಯ್ಯುತ್ತಿದ್ದಳು. ಅವಳಿಗೆ ಜೋಳ ಕೊಡುತ್ತಿದ್ದವನು ಒಬ್ಬ ಸೀರೆ ವ್ಯಾಪಾರಿ. ಅದಕ್ಕೆ ಬದಲಾಗಿ ಅವನ ಕಡೆಯ ಕೂಗುವವನೊಬ್ಬ ಅಲ್ಲಿ ನಿಂತಿರುತ್ತಿದ್ದ.

ಅರವಟ್ಟಿಗೆಯಲ್ಲಿ ಬಗ್ಗಿ ಬೊಗಸೆಯೊಡ್ಡಿ ಕುಡಿಯಬೇಕು. ಎರಡು ಕೈಯೂ ನೀರಿಗೆ. ಕಿವಿ ಮುಚ್ಚಲು ಕೈಯಿಲ್ಲ. ವ್ಯಾಪಾರಿಗೆ ಅದು ಗೊತ್ತಿತ್ತು. ನೀರು ಬೊಗಸೆಗೆ ಬಿದ್ದೊಡನೆ ಕೂಗುವವನು ಕಿವಿಯ ಬಳಿ ಬಾಯಿಟ್ಟು ಸೀರೆಗಳ ಹೆಸರು ಹೇಳುತ್ತಿದ್ದ. ಮೊದಲು ಒಂದು ಮಾತು. ಆಮೇಲೆ ಹತ್ತು. ಆಮೇಲೆ ದಾರಿಹೋಕರ ಗಂಟು ತಡವಿ ನೋಡಿ, ಮನೆಯಲ್ಲಿ ಹೆಣ್ಣುಮಕ್ಕಳೆಷ್ಟು ಎಂದು ವಿಚಾರಿಸಿ ಕೂಗತೊಡಗಿದ.

ಒಬ್ಬ ಕಂಬಳಿ ಮಾರುವವನು ಪ್ರತಿ ಸಂತೆಗೂ ಅಲ್ಲೇ ನೀರು ಕುಡಿಯುತ್ತಿದ್ದ. ಅವನು ಕಿವಿಗೆ ಹತ್ತಿ ತುರುಕಿಕೊಂಡು ಬರಲಾರಂಭಿಸಿದ. ಅವನನ್ನು ನೋಡಿ ಉಳಿದವರೂ ಹಾಗೇ ಮಾಡಿದರು. ವ್ಯಾಪಾರಿಯೇ ಬಂದ. ಕಂಬಳಿಯವನ ಹತ್ತಿ ತೆಗೆಸಿ, ನನ್ನ ನೀರು ಬೇಕು, ನನ್ನ ಮಾತು ಬೇಡವೇ ಎಂದು ಕೇಳಿದ.

"ನೀರು ಬಾಯಿಂದ ಕುಡೀತೀವ್ರಿ ಸಾವ್ಕಾರ್ರ, ಕಿವಿಯಿಂದಲ್ಲ," ಎಂದ ಕಂಬಳಿಯವನು.

ಎಲ್ಲರೂ ನಕ್ಕರು. ವ್ಯಾಪಾರಿ ಕೂಗುವವನನ್ನು ಕರೆದುಕೊಂಡು ಹೋದ. ಮುದುಕಿಗೆ ಬರುತ್ತಿದ್ದ ಜೋಳ ನಿಂತಿತು.

ಮುಂದಿನ ಸಂತೆಗೆ ಕಂಬಳಿಯವನು ಬಂದಾಗ ಅಲ್ಲಿ ಯಾರೂ ಇರಲಿಲ್ಲ. ಹತ್ತಿ ತೆಗೆದ. ಬಂಡೆಯ ಹಿಂದಿನಿಂದ ಕಮ್ಮಾರನ ತಿದಿ ಒತ್ತಿದಂಥ ಸದ್ದು ಬಂತು. ಹೋಗಿ ಬಗ್ಗಿ ನೋಡಿದ. ಕೆಳಗೆ, ಬಹಳ ಕೆಳಗೆ, ಒಂದು ಒರತೆ. ಅಲ್ಲಿಂದ ಮೇಲಕ್ಕೆ ಕಲ್ಲಿನ ಮೆಟ್ಟಿಲು. ಪ್ರತಿ ಮೆಟ್ಟಿಲ ನಡುವೆ ಪಾದದಷ್ಟೇ ಅಗಲಕ್ಕೆ ಕಲ್ಲು ಸವೆದು ಗುಳಿಬಿದ್ದಿತ್ತು. ಆ ಗುಳಿಗಳಲ್ಲಿ ಹೆಜ್ಜೆಯಿಟ್ಟು ಮುದುಕಿ ಕೊಡ ಹೊತ್ತು ಹತ್ತುತ್ತಿದ್ದಳು. ಸದ್ದು ಅವಳ ಉಸಿರಿನದು. ಇಷ್ಟು ವರ್ಷ ಅದು ಅವನಿಗೆ ಕೇಳಿಸಿರಲಿಲ್ಲ. ಮೊದಲು ಕೂಗು, ಆಮೇಲೆ ಹತ್ತಿ.

ಬಂಡೆಯ ಮರೆಯಲ್ಲಿ ಅವಳ ಒಲೆಯಿತ್ತು. ಬೂದಿ ತಣ್ಣಗಿತ್ತು.

ಅವನು ಕೈಮುಗಿದು ನಿಂತುಬಿಟ್ಟ.

"ಕೈ ಮುಗದ್ರ ನೀರು ಎಲ್ಲಿ ಹೊಯ್ಲೋ ತಮ್ಮಾ? ಬೊಗಸಿ ಒಡ್ಡು," ಎಂದಳು ಮುದುಕಿ.

ಒಡ್ಡಿದ. ನೀರು ಎಂದಿನಂತೆಯೇ ತಂಪಾಗಿತ್ತು. ಅವನಿಗೆ ಕುಡಿಯಲಾಗಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

"ಹಾಗಾದರೆ ಅವನು ಹತ್ತಿ ಇಟ್ಟುಕೊಂಡದ್ದು ತಪ್ಪೇ?" ಎಂದ ಚೆನ್ನವೀರ.

"ತಪ್ಪಲ್ಲ. ಕಿವಿ ಅವನದು."

ಚೆನ್ನವೀರ ಸಮಾಧಾನದಿಂದ ಏಳಲು ಹೋದ.

"ಆ ಒಲೆ ಯಾರದು?" ಎಂದರು ಗುರುಗಳು.

ಏಳಹೊರಟವನು ಮತ್ತೆ ಕುಳಿತ.