ಬಿದ್ದ ವಿಮಾನದ ಮೂರು ಒಗಟು

“ಕಂಕಣಗಿರಿಯ ಮಹಾರಾಜರ ಅಪ್ಪಣೆ, ಎಲ್ಲರೂ ಕೇಳಿ! ಯುವರಾಣಿ ಪದ್ಮಲಾದೇವಿಯವರು ಕೂತಿದ್ದ ವಿಮಾನ ಬಿದ್ದದ್ದು ನಿಮಗೆ ಗೊತ್ತು. ಅದರ ವಿಷಯವಾಗಿ ಯುವರಾಣಿಯವರು ಮೂರು ಒಗಟು ಕೇಳುತ್ತಾರೆ. ಮೂರನ್ನೂ ಬಿಡಿಸಿದವರು ಬೇಡಿದ್ದನ್ನು ಪಡೆಯುವರು. ತಪ್ಪಿದವರು ಅದೇ ಕೆಟ್ಟ ಎಂಜಿನ್ ಕಟ್ಟಿದ ವಿಮಾನದಲ್ಲಿ ಒಬ್ಬರೇ ಹಾರಬೇಕು!”

ಹುಲಿಕೆರೆಯ ಹಿಟ್ಟಿನ ಗಿರಣಿಯಲ್ಲಿ ಎಂಜಿನ್ ನೋಡಿಕೊಳ್ಳುವ ಚೆನ್ನಬೀರ ಡಂಗುರ ಕೇಳಿ ಗಿರಣಿ ನಿಲ್ಲಿಸಿದ. ವಿಮಾನ ಬಿದ್ದದ್ದು ಆ ಗಿರಣಿಯ ಹಿಂದಿನ ಜೋಳದ ಹೊಲದಲ್ಲೇ. ಯುವರಾಣಿಯನ್ನೂ ವಿಮಾನ ನಡೆಸುತ್ತಿದ್ದ ರಾಮೋಜಿಯನ್ನೂ ಹೊರಗೆ ಎಳೆದವನು ಅವನೇ. ರಾಮೋಜಿಯ ಕಾಲು ಮುರಿದಿತ್ತು. ಇಪ್ಪತ್ತು ವರ್ಷ ಒಂದು ಗೀರೂ ಬೀಳದಂತೆ ವಿಮಾನ ನಡೆಸಿದವನು ಈಗ ಕುಡಿದು ಬೀಳಿಸಿದನೆಂದು ಊರೆಲ್ಲ ಆಡಿಕೊಳ್ಳುತ್ತಿತ್ತು. ಆ ಮಾತು ಚೆನ್ನಬೀರನಿಗೆ ಸಹಿಸಲಾಗಲಿಲ್ಲ. ಅಂದು ಒಡೆದ ಎಂಜಿನ್ನಿನೊಳಗೆ ಅವನು ಕಣ್ಣಾರೆ ನೋಡಿದ್ದೇ ಬೇರೆ.

ಅವನು ಅರಮನೆ ಸೇರುವ ಹೊತ್ತಿಗೆ ಯುವರಾಣಿಯ ಕೈ ಹಿಡಿಯಲು ಬಯಸಿ ಬಂದ ಇಬ್ಬರು ಅವನಿಗಿಂತ ಮುಂದೆ ನಿಂತಿದ್ದರು. ಯುವರಾಣಿ ಕೇಳಿದಳು: “ಹೊನ್ನಿನ ಬಣ್ಣದಲ್ಲಿ ಒಳಗೆ ಹೋಗುತ್ತದೆ, ಕಾಡಿಗೆಯಾಗಿ ಹೊರಗೆ ಬರುತ್ತದೆ. ಬಿಡದೆ ಇಟ್ಟುಕೊಂಡರೆ ಇಟ್ಟುಕೊಂಡ ಮನೆಯನ್ನೇ ತಿನ್ನುತ್ತದೆ. ಏನದು?”

ಬೆಂಕಿ ಎಂದ ಸೇನಾಪತಿಯ ಮಗ. ಕಾವಲಿನವರು ಅವನನ್ನು ಪಕ್ಕಕ್ಕೆ ನಿಲ್ಲಿಸಿದರು. ವಿಲಾಯಿತಿಯಲ್ಲಿ ಓದಿ ಬಂದ ಸಾಹುಕಾರರ ಮಗ ಎಂಜಿನ್ ಎಣ್ಣೆ ಎಂದು ಸರಿಯಾಗಿಯೇ ಹೇಳಿ ಮೀಸೆ ತಿರುವಿದ.

“ರಾಗಿ ಕಾಳಿಗಿಂತ ಸಣ್ಣದು, ಆನೆಯಂಥದ್ದನ್ನು ಕೆಡವುತ್ತದೆ. ಗಂಟಲಲ್ಲಿ ಕೂತು ಬಾಯಾರಿಸಿ ಕೊಲ್ಲುತ್ತದೆ.” ಎಂದು ಯುವರಾಣಿ ಎರಡನೆಯದನ್ನು ಕೇಳಿದಳು.

ಇರುವೆ ಎಂದ ಅವನೂ ಪಕ್ಕಕ್ಕೆ ಹೋದ, ಮುಖ ಬಿಳಿಚಿಕೊಂಡು.

ಹಿಟ್ಟು ಮೆತ್ತಿದ ಅಂಗಿಯ ಚೆನ್ನಬೀರ ಮುಂದೆ ಬಂದಾಗ ಸಭೆ ನಕ್ಕಿತು. ಮೊದಲನೆಯದು ಎಣ್ಣೆ, ತಿಂಗಳುಗಟ್ಟಲೆ ಬದಲಿಸದೆ ಡಾಂಬರಿನಂತಾಗಿತ್ತು ಎಂದ. ಎರಡನೆಯದು ಪೆಟ್ರೋಲ್ ಕೊಳವೆಯ ಮರಳು. ಸೋಸುವ ಜಾಲರಿ ಹರಿದಿತ್ತು, ಮರಳು ಕಟ್ಟಿಕೊಂಡು ಎಂಜಿನ್ನಿಗೆ ಪೆಟ್ರೋಲ್ ಸಿಗಲಿಲ್ಲ ಎಂದ. ನಗು ನಿಂತಿತು.

ಯುವರಾಣಿಯ ದನಿ ತಗ್ಗಿತು. “ಕೆಲಸ ಆಗಿಲ್ಲ, ಆಯಿತೆನ್ನುತ್ತದೆ. ಬಾಯಿಲ್ಲ, ಆದರೂ ಎಲ್ಲರೂ ನಂಬುತ್ತಾರೆ.”

“ರುಜು, ತಾಯಿ,” ಎಂದ ಚೆನ್ನಬೀರ. “ಎಂಜಿನ್ ಬಿಚ್ಚಿ ನೋಡಿದ್ದಾಗಿದೆ ಎಂದು ವಿಮಾನದ ಪುಸ್ತಕದಲ್ಲಿ ಹಾಕಿದ ರುಜು. ಆ ಪುಸ್ತಕ ಹೊಲದಲ್ಲಿ ಬಿದ್ದಿತ್ತು.”

“ಯಾರ ರುಜು?”

ಚೆನ್ನಬೀರ ಮಹಾರಾಜರ ಕಡೆ ನೋಡಿದ. ರಾಮೋಜಿಯ ಮುರಿದ ಕಾಲು ಕಣ್ಣ ಮುಂದೆ ಬಂತು.

“ತಮ್ಮದೇ, ತಾಯಿ.”

ಸಿಂಹಾಸನದಿಂದ ಮಹಾರಾಜರು ಎದ್ದುಬಿಟ್ಟರು. ಯುವರಾಣಿ ಕೈ ಎತ್ತಿ ತಡೆದಳು. ಅವತ್ತು ಹಾರುವ ಅವಸರಕ್ಕೆ ಎಂಜಿನ್ ಬಿಚ್ಚಲು ಬಿಡದೆ ತಾನೇ ರುಜು ಹಾಕಿದೆನೆಂದೂ, ಬೇಡವೆಂದ ರಾಮೋಜಿಯನ್ನು ಗದರಿಸಿ ಕೂರಿಸಿದೆನೆಂದೂ ತುಂಬಿದ ಸಭೆಯಲ್ಲಿ ಒಪ್ಪಿಕೊಂಡಳು. “ಹೇಳಲು ನನಗೆ ಬಾಯಿ ಬರಲಿಲ್ಲ. ನನ್ನ ಮುಖಕ್ಕೇ ಹೇಳುವವರು ನಾಡಿನಲ್ಲಿ ಇದ್ದಾರೋ ಎಂದು ಹುಡುಕಿದೆ,” ಎಂದಳು.

ಏನು ಬೇಕೆಂದು ಕೇಳಿದಾಗ ಚೆನ್ನಬೀರ, ಪಕ್ಕದಲ್ಲಿ ನಿಂತ ಇಬ್ಬರನ್ನೂ ಬಿಡಬೇಕು, ರಾಮೋಜಿಯ ಹೆಸರಿಗೆ ಅಂಟಿದ ಮಸಿ ತೊಳೆಯಬೇಕು ಎಂದ. ತನಗೆ ವಿಮಾನದ ಶೆಡ್ಡಿನ ಬೀಗದ ಕೈ ಬೇಕು, ತಾನು ನೋಡಿ ಸರಿಯೆನ್ನುವವರೆಗೆ ಯಾರೇ ಆಗಲಿ ಹಾರಬಾರದು ಎಂದ. ಮಹಾರಾಜರು ಎಲ್ಲವನ್ನೂ ಕೊಟ್ಟರು. ಮರುದಿನವೇ ರಾಮೋಜಿ ನಿರಪರಾಧಿಯೆಂದು ಊರೂರಿಗೆ ಡಂಗುರ ಹೋಯಿತು.

ಹೊಸ ವಿಮಾನ ಬಂದು ಒಂದು ತಿಂಗಳಾಗಿರಬೇಕು. ಮಹಾರಾಜರು ಒಂದು ಬೆಳಿಗ್ಗೆ ಅವಸರದಿಂದ ಶೆಡ್ಡಿಗೆ ಬಂದರು. ಜಾಲರಿ ಬಿಚ್ಚಿಟ್ಟಿದೆ, ಮಧ್ಯಾಹ್ನದವರೆಗೆ ಆಗದು ಎಂದ ಚೆನ್ನಬೀರ. ಮಹಾರಾಜರು ಅವನನ್ನು ನೋಡಿದರು, ವಿಮಾನವನ್ನು ನೋಡಿದರು, ಬೇವಿನ ನೆರಳಲ್ಲಿ ಒಂದು ಮುಕ್ಕಾಲಿ ಎಳೆದುಕೊಂಡು ಕೂತರು.

ಊರುಗೋಲು ಹಿಡಿದ ರಾಮೋಜಿ ಬಾಗಿಲಲ್ಲಿ ನಿಂತು ಅದನ್ನು ನೋಡುತ್ತಿದ್ದ. ಚೆನ್ನಬೀರ ಕೈ ಒರೆಸಿಕೊಂಡು, ಎದೆ ಸೆಟೆಸಿ, ಮತ್ತೆ ಕೆಲಸಕ್ಕೆ ಬಾಗಿದ.