ಗಂಟುನೀರು

ಮಲಪ್ರಭೆಯ ದಂಡೆಯ ಆ ಆಶ್ರಮದಲ್ಲಿ ಜಪಕ್ಕಿಂತ ಕೆಲಸ ಹೆಚ್ಚು. ಕಾಲು ಕಳೆದುಕೊಂಡವರಿಗೆ ಅಲ್ಲಿ ಪಾಲಿಯುರೆಥೇನ್ ಎಂಬ ರಬ್ಬರಿನಂಥ ವಸ್ತುವಿನಿಂದ ಕೃತಕ ಪಾದ ಎರೆದು ಕೊಡುತ್ತಿದ್ದರು. ಗುರುಗಳಾದ ನಿರ್ವಾಣಪ್ಪ ಅಜ್ಜಾರು ಹಿಂದೆ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಿದವರು. ಎರಕದ ಕೆಲಸ ಶಿಷ್ಯ ಚನವೀರನದು.

ಬಳೆಗಾರ್ತಿ ಕಾಶವ್ವ ಸೀಳಿದ ಪಾದವನ್ನು ಅವನ ಮುಂದಿಟ್ಟಳು.

“ಮೊದಲಿಂದು ಹರೀತು, ಇದು ಸೀಳಿತು. ಇನ್ನೊಂದು ಹೋತಂದ್ರ ನಾ ಬರಾಂಗಿಲ್ಲ ತಮ್ಮಾ. ಬಳಿ ಬುಟ್ಟಿ ಸೊಸಿಗೆ ಕೊಟ್ಟು ಮೂಲ್ಯಾಗ ಕುಂದರತೀನಿ.”

ಚನವೀರ ಸೀಳಿದ ಪಾದವನ್ನು ಎತ್ತಿಕೊಂಡ. ಮುಖ ಗಂಟಿಕ್ಕಿಕೊಂಡು ಗುರುಗಳ ಹತ್ತಿರ ಹೋದ.

ಪಾಲಿಯುರೆಥೇನ್ ಒಳಗೆ ಕಣ್ಣಿಗೆ ಕಾಣದ ಉದ್ದನೆಯ ಅಣುಸರಪಳಿಗಳಿರುತ್ತವೆ. ಅವನ್ನು ಒಂದಕ್ಕೊಂದು ಕಟ್ಟುವ ದ್ರವಕ್ಕೆ ಆಶ್ರಮದಲ್ಲಿ ಗಂಟುನೀರು ಎಂದು ಹೆಸರು.

“ಅಜ್ಜಾರ, ಮೊದಲಿಂದು ಮೆತ್ತಗಾಗಿತ್ತಂತ ಈ ಸಲ ಗಂಟುನೀರು ಹೆಚ್ಚಿಗಿ ಹಾಕೀನ್ರಿ. ಕಲ್ಲಾಗಿತ್ತು. ಆದ್ರೂ ಸೀಳೇತಿ. ಆಕಿ ನಡಿಗಿನ ಸರಿ ಇಲ್ಲ.”

ಅಜ್ಜಾರು ಒಂದು ಸಿಂಬಿ ಹಗ್ಗ ಕೊಟ್ಟರು.

“ಬೆಕ್ಕಿನ ಕಾಟ. ಮೊಸರಿನ ಗಡಿಗಿ ತೂಗು ಹಾಕಾಕ ಒಂದು ನೆಲುವು ಹೆಣಿ.”

ಗಡಿಗೆ ಬೀಳಬಾರದೆಂದು ಚನವೀರ ಬೆರಳಗಲಕ್ಕೊಂದು ಗಂಟು ಹಾಕಿ ಹೆಣೆದ. ನೆಲುವು ಬಾಯಿ ಬಿಡಲೇ ಇಲ್ಲ. ಗಡಿಗೆಯನ್ನು ಸಿಟ್ಟಿನಿಂದ ಒತ್ತಿದ. ಹಗ್ಗ ಗಂಟಿನ ಬುಡದಲ್ಲೇ ಕಿತ್ತಿತು.

“ಎಲ್ಲಾ ಗಂಟು ಬಿಚ್ಚಲೇನ್ರಿ?”

“ಬಿಚ್ಚಿದ್ರ ಮೊಸರು ನೆಲದ ಪಾಲು.”

“ಮತ್ತ ಎಷ್ಟು ಹಾಕ್ಲಿ?”

“ಗಡಿಗೀನ ಕೇಳು.”

ಚನವೀರ ಕೈಯಲ್ಲಿದ್ದ ಹಗ್ಗವನ್ನು ಕೆಳಗಿಟ್ಟ. ಆಮೇಲೆ ಕಟ್ಟೆಯ ಮೇಲೆ ಕುಳಿತಿದ್ದ ಕಾಶವ್ವನ ಬಳಿ ಹೋದ. ಎರಡು ಪಾದ ಎರೆದರೂ ಕೇಳದ ಮಾತನ್ನು ಈಗ ಕೇಳಿದ.

“ಅವ್ವಾರ, ದಿನಾ ಹೆಂಗ ಅಡ್ಡಾಡತೀರಿ?”

“ಅಡ್ಡಾಡೋದು ಕಡಿಮಿ, ಕೂಡೋದು ಏಳೋದು ಹೆಚ್ಚು. ಮನಿಮನಿ ಮುಂದ ಕುಕ್ಕರಗಾಲಿಲೆ ಕುಂತು ಬಳಿ ಇಡಸ್ತೀನಿ. ಏಳೋ ಮುಂದ ಭಾರೆಲ್ಲ ಬೆರಳಿನ ಮ್ಯಾಲ.”

ಚನವೀರ ನಿಲ್ಲುವಾಗ ಊರುವ ಹಿಮ್ಮಡಿಗೆ ಗಂಟುನೀರು ಹೆಚ್ಚು, ಏಳುವಾಗ ಬಾಗಬೇಕಾದ ಬೆರಳಿಗೆ ಕಡಿಮೆ ಬೆರೆಸಿ ಹೊಸ ಪಾದ ಎರೆದ.

ಅದು ಗಟ್ಟಿಯಾದ ಮೇಲೆ ಕಾಶವ್ವ ತೊಟ್ಟು ಕುಕ್ಕರಗಾಲಲ್ಲಿ ಕುಳಿತಳು. ಎದ್ದಳು. ಬೆರಳು ಬಾಗಿ ಮತ್ತೆ ನೆಟ್ಟಗಾಯಿತು. ಹಿಗ್ಗಿನಿಂದ ಬುಟ್ಟಿ ತಲೆಗೇರಿಸಿಕೊಂಡು, ಹೇಳದೆ ಕೇಳದೆ ಹೊರಟೇಬಿಟ್ಟಳು.

ಚನವೀರ ಹುಬ್ಬು ಬಿಗಿದು ಅವಳ ಹೆಜ್ಜೆಯನ್ನೇ ನೋಡುತ್ತಿದ್ದ.

“ತಾಳತೈತೇನ್ರಿ ಅಜ್ಜಾರ?”

“ಪಾದ ತಾಳತೈತಿ,” ಎಂದರು ಅಜ್ಜಾರು. “ನಿನ್ನ ಮಾರಿ ಗಂಟಷ್ಟು ಬಿಚ್ಚು. ಅದೂ ಸೀಳೀತು.”